ಮಂಜಿನೊಳಗೊಂದು ಕೂಗು

ಎದೆಯ ಚಿತ್ರವನ್ನು ಗೋಡೆಗೆ ತೂಗುಹಾಕಿ, ಟೆಕ್ನಿಷಿಯನ್ ಜುಬೇದಾ ಚಪ್ಪಲಿ ಬಿಟ್ಟು ಅದರೊಳಗೆ ನಡೆದಳು. ಅವರ ಆಸ್ಪತ್ರೆಯಲ್ಲಿ ಮ್ಯಾಮೊಗ್ರಾಮ್ ನೋಡುವುದೆಂದರೆ ಹೀಗೆಯೇ: ಚಿತ್ರದೊಳಗೆ ಹೋಗಿ, ಗಂಟೇನಾದರೂ ಇದೆಯೇ ಎಂದು ಸುತ್ತಾಡಿ ಬರುವುದು.

ಶಕುಂತಲಾ ಹೂಗಾರ ಸೆರಗು ಹೊದ್ದು ಸ್ಟೂಲಿನ ಮೇಲೆ ಕೂತಿದ್ದಳು. ಹೋದ ವರ್ಷ ಅವಳ ಚಿತ್ರದೊಳಗೆ ಬರೀ ಬಯಲಿತ್ತು. ಆಚೆ ತುದಿಯಿಂದ ಜುಬೇದಾ ಕೈಬೀಸಿದ್ದು ಕೂಡ ಕಂಡಿತ್ತು. ಈಗ ಎಲ್ಲೆಲ್ಲೂ ಬೆಳ್ಳಗಿನ ಮಂಜು.

“ಅಕ್ಕಾರ, ಹಾರ್ಮೋನ್ ಗುಳಿಗಿ ಚಾಲೂ ಮಾಡೀರೇನ್ರಿ?” ಒಳಗಿನಿಂದ ಜುಬೇದಾಳ ದನಿ ಬಂತು.

“ಹೌದವಾ. ಮುಟ್ಟು ನಿಂತ ಮ್ಯಾಲೆ ಮೈಯೆಲ್ಲಾ ಬೆಂಕಿ ಆಗಿತ್ತು. ಈಗ ನಿದ್ದಿ ಬರ್ತೈತಿ. ಬಿಡಬೇಕೇನು?”

“ಅದನ್ನ ಡಾಕ್ಟರ್‌ಗೆ ಕೇಳ್ರಿ. ಆ ಗುಳಿಗಿಯಿಂದ ಹಿಂಗ ಮಂಜು ಕವೀತೈತಿ, ಮಂಜು ಅಂದ್ರ ರೋಗ ಅಲ್ರಿ. ಅದರಾಗ ಗಂಟಿದ್ರೂ ನನಗ ಕಾಣಂಗಿಲ್ಲ, ಅಷ್ಟ. ಒಮ್ಮೆ ಜೋರಾಗಿ ಕೂಗ್ರಿ. ಗಂಟಿದ್ರ ಅದು ನಿಮಗ ಓ ಅಂತೈತಿ.”

ಶಕುಂತಲಾ ಮನೆಯಲ್ಲಿ ದಿನವಿಡೀ ಕೂಗುವವಳು. ಗಂಡ ಪೇಪರಿನಿಂದ ತಲೆಯೆತ್ತುವುದಿಲ್ಲ, ಮಗಳು ಕೋಣೆಯಿಂದ ಬರುವುದಿಲ್ಲ. ಕರೆದರೆ ಓ ಎನ್ನುವವರಿಲ್ಲದ ಮನೆಯೆಂದು ನಿನ್ನೆಯೂ ಅತ್ತಿದ್ದಳು.

ಅವಳು ಎದ್ದು, ಮಂಜಿನತ್ತ ಬಾಗಿ, ತನ್ನ ಹೆಸರನ್ನೇ ಕೂಗಿದಳು. ಕೂಗು ಅರಳೆಯೊಳಗೆ ಇಳಿದಂತೆ ಮೆತ್ತಗಾಗುತ್ತ ದೂರ ದೂರ ಹೋಯಿತು. ಅವಳು ಕಿವಿಗೊಟ್ಟಳು. ಯಾರೂ ಓ ಎನ್ನದಿರಲಿ ಎಂದು ಬೇಡಿಕೊಂಡದ್ದು ಬದುಕಿನಲ್ಲಿ ಅದೇ ಮೊದಲು.

ಬಹಳ ಹೊತ್ತಿನ ಮೇಲೆ ಜುಬೇದಾ ಒದ್ದೆ ಕೂದಲು ಒರೆಸಿಕೊಳ್ಳುತ್ತ ಹೊರಬಂದಳು.

“ಯಾರೂ ಓ ಅನ್ನಲಿಲ್ರಿ, ಅಕ್ಕಾರ.”