ಒಂದೇ ತಲೆಯಲ್ಲಿ ಇಬ್ಬರು ಆರಂಭಿಕರು

“ಹಟನ್ ದೊಡ್ಡಾಂವೊ, ಗಾವಸ್ಕರ್ ದೊಡ್ಡಾಂವೊ?” ಎಂದು ಚಂಬಸಪ್ಪ ನೆನಪಿನ ಕಚೇರಿಯ ಖಾಲಿ ಬೆಂಚುಗಳನ್ನು ಕೇಳಿದ.

ಹಳೆಯ ದಾಖಲೆಗಳೆಲ್ಲ ಅಳಿಸಿಹೋದ ಮೇಲೆ ಕ್ರಿಕೆಟ್ಟಿನ ಟೆಸ್ಟ್ ಆಟಗಳು ಉಳಿದದ್ದು ಜನರ ತಲೆಯಲ್ಲೇ. ಓವಲ್‌ನಲ್ಲಿ ಗಾವಸ್ಕರ್ ಹೊಡೆದ ಇನ್ನೂರ ಇಪ್ಪತ್ತೊಂದು ರನ್ ಚಂಬಸಪ್ಪನ ಪಾಲಿಗೆ ಬಂದಿತ್ತು. ಪ್ರತಿ ಸೋಮವಾರ ಶಾಲೆಯಲ್ಲಿ ಒಂದೊಂದು ಎಸೆತವನ್ನೂ ರಾಗವಾಗಿ ಹೇಳುತ್ತಿದ್ದ. ಅದಕ್ಕೆ ಜಾಗ ಮಾಡಲು ತನ್ನ ಮದುವೆಯ ದಿನದ ನೆನಪನ್ನು ಇದೇ ಕಚೇರಿಯಲ್ಲಿ ತೆಗೆಸಿದ್ದ. ಹೆಂಡತಿ ಆ ದಿನದ ಮಾತೆತ್ತಿದರೆ ಯಾರದೋ ಮನೆಯ ಸುದ್ದಿಯಂತೆ ಕೇಳಿಸಿಕೊಳ್ಳುತ್ತಿದ್ದ.

ಪರೀಕ್ಷಕಿ ಹಸೀನಾಬಾನು ಹಾಳೆ ಹಿಡಿದು ಬಂದಳು.

“ಹಟನ್‌ನ ತಲಿಯೊಳಗ ಹೊತ್ತಾಂವ ಹಟನ್ ದೊಡ್ಡಾಂವ ಅಂತಾನ, ನೀವು ಗಾವಸ್ಕರ್ ಅಂತೀರಿ. ಇಬ್ಬರೂ ಒಂದ ತಲಿಯೊಳಗ ಇದ್ದರ ಮಾತ್ರ ನ್ಯಾಯ ಆಗೂದು. ಹಟನ್‌ಂದು ಅದ ಓವಲ್‌ನ ಮುನ್ನೂರ ಅರವತ್ನಾಲ್ಕು ರನ್, ಎಂಟುನೂರ ನಲವತ್ತೇಳು ಎಸೆತ. ಜಾಗ ಭಾಳ ಬೇಕು.”

“ನಾ ಕಲ್ತ ಗಣಿತ ತಗೀರಿ. ಹೆಂಗೂ ಬರೂದಿಲ್ಲ.”

“ಅದು ಒಂದು ಓವರಿಗೂ ಸಾಲೂದಿಲ್ಲ, ಕಾಕಾ.” ಆಕೆ ಹಾಳೆ ನೋಡಿದಳು. “ದೊಡ್ಡದು ಒಂದ ಉಳಿದೈತಿ. ನಿಮ್ಮವ್ವ ನಸುಕಿನ್ಯಾಗ ಹೇಳ್ತಿದ್ದ ವಚನ, ಆಕಿ ದನಿ ಸಮೇತ. ನೋವಾಗೂದಿಲ್ಲ. ಮದುವಿ ತಗದಾಗ ಏನರ ಆತೇನು?”

“ಇಲ್ಲ,” ಎಂದ ಚಂಬಸಪ್ಪ. ನಿಜಕ್ಕೂ ಏನೂ ಆಗಿರಲಿಲ್ಲ.

“ಹಂಗಾದ್ರ ಇಲ್ಲೆ ಸಹಿ ಮಾಡ್ರಿ,” ಎಂದು ಆಕೆ ಪೆನ್ನು ಚಾಚಿದಳು.

ಅವ್ವನ ದನಿ ಹೋದ ಮೇಲೂ ಹೀಗೆಯೇ ತನಗೆ ಏನೂ ಆಗುವುದಿಲ್ಲ ಎಂಬುದು ಅವನಿಗೆ ಹೊಳೆಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಕೊಡೂದಿಲ್ಲರಿ,” ಎಂದ.