ಅಮ್ಮನ ಬೆಂಡೋಲೆ

ಹತ್ತು ನಿಮಿಷ ಮೊದಲು ಹುಟ್ಟಿದ ತಪ್ಪಿಗೆ ಅವಳು ಅಕ್ಕ. ಉಳಿದಂತೆ ಇಬ್ಬರೂ ಒಂದೇ ಅಚ್ಚಿನ ಅವಳಿಗಳು, ರಕ್ತವೂ ಒಂದೇ. ಆ ರಕ್ತದಲ್ಲಿ ಅಮ್ಮನ ಕಾಯಿಲೆ ಇದೆಯೋ ಇಲ್ಲವೋ ಎಂದು ಅಕ್ಕ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಳು. ತಂಗಿಗೆ ಮದುವೆ ಗೊತ್ತಾಗಿತ್ತು; ಫಲಿತಾಂಶ ಕೇಳುವ ಧೈರ್ಯವಿರಲಿಲ್ಲ.

ಡಿಎನ್‌ಎಯಲ್ಲಿ ಮೂರಕ್ಷರದ ಒಂದು ಮಾತು ತೊದಲುವವನ ಬಾಯಿಗೆ ಸಿಕ್ಕಂತೆ ಮತ್ತೆ ಮತ್ತೆ ಬರುತ್ತದೆ, ತಲೆಮಾರು ದಾಟುವಾಗ ಆ ತೊದಲು ಬೆಳೆಯಬಹುದು, ಬೆಳೆದರೆ ಮಿದುಳಿನ ನರಗಳನ್ನೇ ತಿನ್ನುತ್ತದೆ ಎಂದಿದ್ದರು ಡಾಕ್ಟರು. ಅಮ್ಮನಿಗೆ ಅದು ಶುರುವಾದದ್ದು ಬೆಂಡೋಲೆಯ ತಿರುಪು ಕೂರಿಸಲಾಗದೆ. ಮುಗಿದದ್ದು ಮಕ್ಕಳ ಗುರುತು ಸಿಗದೆ.

"ನನಗೇನೂ ಹೇಳಬೇಡ" ಎಂದಳು ತಂಗಿ.

"ನಾನೆಲ್ಲಿ ಹೇಳ್ದೆ?"

ಅಕ್ಕನ ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಕೊನೆಗೆ ತಂಗಿ ಒಂದು ಉಪಾಯ ಹೂಡಿದಳು. ಕೆಟ್ಟ ಸುದ್ದಿ ಹೊತ್ತವಳು ಒಡವೆಗೆ ಜಗಳವಾಡುವುದಿಲ್ಲ.

"ಮದುವೆಗೆ ಅಮ್ಮನ ಬೆಂಡೋಲೆ ನಾನೇ ಹಾಕ್ಕೊಳ್ತೀನಿ ಕಣೇ."

"ಅಯ್ಯೋ, ಬಾರೇ ಬಾ! ಗಂಡನೂ ನಿನಗೆ, ಓಲೆಯೂ ನಿನಗಾ? ಹಿರಿಯವಳು ನಾನು."

"ಹತ್ತು ನಿಮಿಷಕ್ಕೆ ಎಷ್ಟು ಜಂಬವೇ ನಿನಗೆ!"

"ಹತ್ತು ನಿಮಿಷವಾದರೇನು, ಹಿರಿಯವಳು ಹಿರಿಯವಳೇ. ಕೊಡು ಇಲ್ಲಿ."

ಅಕ್ಕ ತಂಗಿಯ ಕೈಯಿಂದ ಓಲೆಯ ಡಬ್ಬಿ ಕಿತ್ತುಕೊಂಡಳು. ತಂಗಿಯ ಎದೆ ಹಗುರಾಯಿತು. ಜಗಳದಲ್ಲಿ ಸೋತು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು.

"ಸರಿ ಮಾರಾಯ್ತಿ, ನೀನೇ ಹಾಕ್ಕೊಂಡು ಮೆರಿ. ನೋಡೋಣ."

ಅಕ್ಕ ಗೆದ್ದ ನಗು ನಗುತ್ತ ಕನ್ನಡಿಯ ಮುಂದೆ ನಿಂತು ಓಲೆಯನ್ನು ಕಿವಿಗಿಟ್ಟಳು. ತಿರುಪು ಬೆರಳಿಂದ ಜಾರಿ ನೆಲಕ್ಕೆ ಬಿತ್ತು, ಹೆಕ್ಕಿಕೊಂಡರೆ ಮತ್ತೆ ಬಿತ್ತು.