ಯಜಮಾನರ ಅಪ್ಪಣೆ

ಲುಕಾಸಿಯ ಎರಡನೆಯ ಗುಂಡೂ ಗುರಿ ತಪ್ಪಿತು. ಇಳಿಜಾರಿನಲ್ಲಿ ಮೇಯುತ್ತಿದ್ದ ಕ್ಯಾರಿಬೂ ಹಿಮಸಾರಂಗಗಳ ಹಿಂಡು ಒಮ್ಮೆ ತಲೆಯೆತ್ತಿ ನೋಡಿ, ನಾಲ್ಕು ಹೆಜ್ಜೆ ಅತ್ತ ಸರಿದು, ಮತ್ತೆ ಮೇಯಲು ಶುರು ಮಾಡಿತು. ಬಂಡೆಯ ಮರೆಯಲ್ಲಿ ಬೋರಲಾಗಿ ಮಲಗಿದ್ದ ಅವನ ತಾಯಿ ಪನಿಕ್‌ಪಾಕ್ ನಗು ತಡೆಯಲಾರದೆ ಕೈಗವಸನ್ನು ಬಾಯಿಗೆ ಒತ್ತಿಕೊಂಡಳು.

"ನಗಬೇಡಮ್ಮ. ಗಾಳಿ ಜಾಸ್ತಿ ಇದೆ."

"ಹೌದಪ್ಪ, ನೀನು ಹೊಡೆಯೋವಾಗ ಮಾತ್ರ ಬೀಸುತ್ತೆ, ಪಾಪ. ಕೊಡು ಬಂದೂಕು ಇಲ್ಲಿ. ಇವತ್ತು ನಾನು ಹೊಡೀತೀನಿ."

ಲುಕಾಸಿ ಹೌಹಾರಿದ. ಅಮ್ಮನಿಗೆ ಅರವತ್ತೊಂಬತ್ತು. ಅಪ್ಪ ಬದುಕಿದ್ದಾಗ ನಲವತ್ತಾರು ವರ್ಷ ಅವರ ಬೆನ್ನಿಗೇ ಬೇಟೆಗೆ ಬಂದವಳು, ಅವರು ಉರುಳಿಸಿದ್ದನ್ನೆಲ್ಲ ಸುಲಿದು, ಕೊಯ್ದು, ಒಣಗಿಸಿದವಳು. ಒಂದೇ ಒಂದು ಗುಂಡು ಹಾರಿಸಿದವಳಲ್ಲ. ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಮೇಲೆ ಮಾತ್ರ ಅದೇನು ಹುಚ್ಚು ಹತ್ತಿತೋ, ಮನೆಯ ಹಿಂದೆ ಖಾಲಿ ಹಾಲಿನ ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡು ದಿನಾ ಗುರಿ ಕಲಿಯುತ್ತಿದ್ದಳು. ಸಾಯುವುದರೊಳಗೆ ಒಂದಾದರೂ ಕ್ಯಾರಿಬೂ ತನ್ನ ಕೈಯಿಂದಲೇ ಬೀಳಬೇಕು ಎಂಬುದೊಂದೇ ಅವಳ ಆಸೆ.

"ಡಬ್ಬಕ್ಕೆ ಹೊಡೆದ ಹಾಗಲ್ಲಮ್ಮ ಇದು."

"ಗೊತ್ತು ಕಣೋ. ಡಬ್ಬ ಇನ್ನೂ ಚಿಕ್ಕದಿತ್ತು."

"ಅಪ್ಪ ಇದ್ದಿದ್ರೆ ಒಪ್ತಿರಲಿಲ್ಲ."

"ಇದ್ದಿದ್ರೆ ಏನು ಬಂತು, ಇಲ್ಲೇ ಕೂತಿದ್ದಾರಲ್ಲ. ಕೇಳೇಬಿಡೋಣ."

ಅಪ್ಪ ಅವರ ಹಿಂದೆಯೇ ಪಾಚಿಯ ಮೇಲೆ ಕೂತು, ಕಾಡುಹಣ್ಣು ತಿಂದು ಬಾಯೆಲ್ಲ ನೀಲಿ ಮಾಡಿಕೊಂಡಿದ್ದಳು. ಲುಕಾಸಿಯ ಆರು ವರ್ಷದ ಮಗಳು. ಅಜ್ಜ ಕುಪಾಕ್ ತೀರಿಕೊಂಡ ತಿಂಗಳಲ್ಲೇ ಹುಟ್ಟಿದ್ದರಿಂದ ಅವನ ಹೆಸರನ್ನೇ ಇಟ್ಟಿದ್ದರು. ಹೆಸರಿನ ಜೊತೆ ಅಜ್ಜನ ಜೀವವೂ ಬಂದಮೇಲೆ ಲುಕಾಸಿಗೆ ಅವಳು ಅಪ್ಪ, ಪನಿಕ್‌ಪಾಕಳಿಗೆ ಯಜಮಾನರು. ಊರಿನಲ್ಲಿ ಎಲ್ಲರ ಮನೆಯಲ್ಲೂ ಇದು ಇದ್ದದ್ದೇ. ಆದರೆ ಕುಪಾಕಳಷ್ಟು ಚೆನ್ನಾಗಿ ಈ ಅಧಿಕಾರ ಚಲಾಯಿಸುವವರು ಯಾರೂ ಇರಲಿಲ್ಲ. ಹೋದ ವಾರವಷ್ಟೇ, "ನಿಮ್ಮಪ್ಪ ಹೇಳ್ತಿದೀನಿ" ಎಂದು ಗದರಿಸಿ ಲುಕಾಸಿಯಿಂದ ಎರಡನೇ ಐಸ್‌ಕ್ರೀಮ್ ಕೊಡಿಸಿಕೊಂಡಿದ್ದಳು.

"ಏನ್ರೀ," ಎಂದಳು ಪನಿಕ್‌ಪಾಕ್. ಹುಡುಗಾಟದ ದನಿಯೇ, ಆದರೂ ಕಣ್ಣು ಮಗುವಿನ ಮುಖ ಬಿಟ್ಟು ಕದಲಲಿಲ್ಲ. "ಇವತ್ತು ನಾನು ಹೊಡೀಲಾ?"

ಕುಪಾಕ್ ಹಣ್ಣು ಅಗಿಯುವುದನ್ನು ನಿಲ್ಲಿಸಿ ಗಂಭೀರವಾಗಿ ಯೋಚಿಸಿದಳು. "ಕ್ಯಾರಿಬೂ ನಾಲಿಗೆ ಯಾರಿಗೆ?"

"ನನ್ನ ಮೊದಲನೇ ಬೇಟೆ ಕಣ್ರೀ, ಒಂದು ತುಂಡೂ ನಾನು ಇಟ್ಕೊಳ್ಳೋ ಹಾಗಿಲ್ಲ. ಊರಿಗೆಲ್ಲ ಹಂಚೋದೇ. ನಾಲಿಗೆ ನಿಮಗೆ."

"ಹಾಗಿದ್ರೆ ಹೊಡಿ. ಲುಕಾಸಿ, ಕೊಡೋ ಬಂದೂಕು."

ಅಪ್ಪನೇ ಹೇಳಿದ ಮೇಲೆ ಮಾತೇನು ಉಳಿಯಿತು? ಲುಕಾಸಿ ಗೊಣಗುತ್ತಲೇ ಬಂದೂಕು ದಾಟಿಸಿದ. ಪನಿಕ್‌ಪಾಕ್ ಅವಸರ ಮಾಡಲಿಲ್ಲ. ಗಾಳಿ ಒಂದು ಕ್ಷಣ ತಗ್ಗುವವರೆಗೆ ಕಾದಳು. ಒಂದೇ ಗುಂಡು. ಹಿಂಡಿನ ಅಂಚಿನಲ್ಲಿದ್ದ ದೊಡ್ಡ ಗಂಡು ಮುಂಗಾಲು ಮಡಿಸಿ ಕುಸಿಯಿತು.

"ಅಮ್ಮಾ!" ಎಂದು ಲುಕಾಸಿ ಕೂಗಿದ.

ಪನಿಕ್‌ಪಾಕ್ ಸೊಂಟದ ಚೀಲದಿಂದ ತನ್ನ ಅರ್ಧಚಂದ್ರಾಕಾರದ ಚೂರಿಯನ್ನು ತೆಗೆದು ಅವನ ಕೈಗಿಟ್ಟಳು. "ನಡಿ, ಸುಲಿ ಹೋಗು. ಹೊಡೆದವರು ಟೀ ಕುಡೀತಾ ಕೂರೋದು. ನಿಮ್ಮಪ್ಪ ಮಾಡಿಟ್ಟ ಪದ್ಧತಿ."

ಮಗ ಇಳಿಜಾರಿನಲ್ಲಿ ಇಳಿದು ಹೋದ. ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸುವಾಗ ಅರ್ಧ ಹೊರಗೇ ಚೆಲ್ಲಿತು. ಇಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಕುಪಾಕ್ ಬಂದು ಪಕ್ಕದಲ್ಲಿ ಒತ್ತಿಕೊಂಡು ಕೂತಳು.

"ಎಷ್ಟು ಚೆನ್ನಾಗಿ ಹೊಡೀತೀಯಲ್ಲೇ! ಮುಂಚೆನೇ ಯಾಕೆ ನನ್ನ ಕೇಳಲಿಲ್ಲ ನೀನು?"

"ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ ಕಣ್ರೀ."

"ನಾನಾ? ನಾನ್ಯಾವತ್ತು ಬೇಡ ಅಂದೆ?"

ಪನಿಕ್‌ಪಾಕ್ ನಲವತ್ತಾರು ವರ್ಷಗಳನ್ನು ಒಂದೊಂದಾಗಿ ತಡಕಾಡಿದಳು. ಕೈಯಲ್ಲಿದ್ದ ಟೀ ಆರಿ ತಣ್ಣಗಾಯಿತು. ಯಜಮಾನರು ಬೇಡ ಅಂದ ಒಂದು ದಿನವೂ ಸಿಗಲೇ ಇಲ್ಲ.